ಹಳೇ ಸಾಮಾನಿನ ವ್ಯಾಪಾರಕ್ಕೂ ಒಂದು ಖರೀದಿ ಪುಸ್ತಕ ಇರಲಿ

ಎಲ್ಲೇ ಕಳ್ಳತನವಾದರೂ ವಿಚಾರಣೆ ಒಂದಲ್ಲ ಒಂದು ದಿನ ಗುಜರಿ ಅಂಗಡಿಯ ಬಾಗಿಲಿಗೆ ಬರುತ್ತದೆ. ಬರಲಿ, ತಪ್ಪಲ್ಲ. ಕದ್ದ ಬ್ಯಾಟರಿ, ತಾಮ್ರದ ವೈರು, ಪಂಪ್‌ಸೆಟ್ಟಿನ ಮೋಟಾರು ಎಲ್ಲೋ ಒಂದು ಕಡೆ ಮಾರಾಟ ಆಗಲೇಬೇಕಲ್ಲ. ಆದರೆ "ಇದನ್ನ ಯಾರ ಹತ್ರ ತಗೊಂಡೆ?" ಅಂತ ಕೇಳಿದಾಗ ತೋರಿಸಲು ಎಷ್ಟೋ ಪ್ರಾಮಾಣಿಕ ವ್ಯಾಪಾರಿಗಳ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ. ಗೊತ್ತಿದ್ದೇ ಕಳ್ಳಮಾಲು ಕೊಳ್ಳುವವನ ಹತ್ತಿರವೂ ಇರುವುದಿಲ್ಲ. ಇಬ್ಬರೂ ಒಂದೇ ಥರ ಕಾಣುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಕಳ್ಳಮಾಲು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ತೆಗೆದುಕೊಂಡರೆ 3 ವರ್ಷದವರೆಗೆ ಜೈಲು. ಮೊದಲು ಐಪಿಸಿ 411, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್. ಗೊತ್ತಿತ್ತೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ಬಾಯಿಮಾತಲ್ಲಿ ಅದನ್ನು ಹೇಗೆ ತೋರಿಸುವುದು? ಜೈಲಿನ ಮಾತು ಬಿಡಿ. ಮಾಲನ್ನು ಪೊಲೀಸರು 'ರಿಕವರಿ' ಅಂತ ಎತ್ತಿಕೊಂಡು ಹೋದರೆ ಹಾಕಿದ ದುಡ್ಡೂ ಹೋಯಿತು. ಕಳ್ಳನಿಂದ ಕೊಂಡರೆ ಒಡೆತನ ಬರುವುದಿಲ್ಲ ಅನ್ನುವುದು 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಆ ಅಂಗಡಿಯಲ್ಲಿ ಕೊಂಡ ಗಿರಾಕಿಗೂ ಅದೇ ಗತಿ.

ಲೆಕ್ಕ ಇಡಿಸುವುದು ಆಗದ ಕೆಲಸ ಅಂತೀರಾ? ಗಿರವಿ ಅಂಗಡಿಗಳಿಗೆ ಕರ್ನಾಟಕದಲ್ಲಿ 1961ರ ಕಾಯ್ದೆ ಇದೆ. ಲೈಸೆನ್ಸ್ ಬೇಕು, ಒತ್ತೆ ಇಟ್ಟವರಿಗೆ ಚೀಟಿ ಕೊಡಬೇಕು, ಪುಸ್ತಕ ಬರೆಯಬೇಕು. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಡೀಲರುಗಳಿಗೂ 2023ರ ಏಪ್ರಿಲ್‌ನಿಂದ ಅಧಿಕೃತ ಪರವಾನಗಿಯ ನಿಯಮ ಬಂತು. ಗಾಡಿ ತಮ್ಮ ಕೈಗೆ ಬಂದಿದೆ ಅಂತ ಅವರು ಆರ್‌ಟಿಒಗೆ ತಿಳಿಸಬೇಕು, ಆಮೇಲಿನ ಜವಾಬ್ದಾರಿಯೂ ಅವರದೇ. ಫೋನಿನದು ಇನ್ನೂ ಸುಲಭ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಅದು ಬ್ಲಾಕ್ ಆಗಿರುವ ಫೋನೇ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಕಾರಿಗೆ ಆಗಿದ್ದು ಮಿಕ್ಸಿ, ಡ್ರಿಲ್ಲಿಂಗ್ ಮಷೀನಿಗೆ ಯಾಕಾಗಬಾರದು?

ಈಗ ಬೆಂಗಳೂರಿನ ಸಂಡೇ ಬಜಾರಿಗೆ ಬನ್ನಿ. ಭಾನುವಾರ ಬೆಳಗ್ಗೆ ಚಿಕ್ಕಪೇಟೆ, ಸಿಟಿ ಮಾರ್ಕೆಟ್ ಸುತ್ತಿನ ರಸ್ತೆಗಳಲ್ಲಿ ಟಾರ್ಪಾಲು ಹಾಸಿ ಸ್ಪ್ಯಾನರು, ಗಡಿಯಾರ, ಶೂ, ಚಾರ್ಜರು, ಹಳೇ ಕ್ಯಾಮೆರಾ ಹರಡಿರುತ್ತಾರೆ. ಹೊಸದು ಕೊಳ್ಳಲಾಗದ ಎಲೆಕ್ಟ್ರಿಷಿಯನ್ನು, ಮೆಕ್ಯಾನಿಕ್ಕು ತಮ್ಮ ಕಸುಬಿನ ಸಾಮಾನು ಹೊಂದಿಸಿಕೊಳ್ಳುವ ಜಾಗ ಇದು. ಇಂಥ ಸಂತೆ ಕಂಡಾಗ ಆಡಳಿತಕ್ಕೆ ಮೊದಲು ಹೊಳೆಯುವುದು ಎಬ್ಬಿಸುವುದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳುವುದೇ ಬೇರೆ. ಬಹಳ ಕಾಲದಿಂದ ಜನ ತಾವೇ ಸೇರುತ್ತಾ ಬಂದ ಮಾರುಕಟ್ಟೆಯನ್ನು 'ಸ್ವಾಭಾವಿಕ ಮಾರುಕಟ್ಟೆ' ಅಂತ ಗುರುತಿಸಲು ಅಲ್ಲಿ ದಾರಿ ಇದೆ. ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿಗೆ ಹಂಚಿಕೊಳ್ಳುವುದಕ್ಕೂ ಅವಕಾಶ ಇದೆ. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಮಾಡಿ ಕೊಡಬೇಕು, ಹಾಳಾಗದ ಸಾಮಾನನ್ನು ವ್ಯಾಪಾರಿ ಕೇಳಿದ 2 ಕೆಲಸದ ದಿನದೊಳಗೆ ಬಿಡಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಆ ಕಾಯ್ದೆಯಡಿ ಇರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಸೀಟು ವ್ಯಾಪಾರಿಗಳದೇ. ಭಾನುವಾರದ ಸಂತೆಗೆ ಇಷ್ಟು ಸಾಲದೇ? ಅಲ್ಲಿನ ವ್ಯಾಪಾರಿಗಳಿಗೆ ಭಾನುವಾರಕ್ಕೆ ಅಂತಲೇ ಒಂದು ವ್ಯಾಪಾರದ ಪ್ರಮಾಣಪತ್ರ ಕೊಡಿ. ಜೊತೆಗೆ ಒಂದು ಖರೀದಿ ಪುಸ್ತಕವನ್ನೂ ಕೊಡಿ.

ಪುಸ್ತಕ ಅಂದರೆ ಎಲ್ಲದಕ್ಕೂ ಅಲ್ಲ. ಫೋನು, ಲ್ಯಾಪ್‌ಟಾಪು, ಗಾಡಿಯ ಬಿಡಿಭಾಗ, ಬ್ಯಾಟರಿ, ತಾಮ್ರ, ವಿದ್ಯುತ್ ಉಪಕರಣ ಇಷ್ಟಕ್ಕೆ ಸಾಕು. ಮಾರಿದವರ ಹೆಸರು, ಗುರುತಿನ ಚೀಟಿ, ತಾರೀಖು, ಕೊಟ್ಟ ದುಡ್ಡು, ಇದ್ದರೆ ಸೀರಿಯಲ್ ನಂಬರು. ಹಳೇ ಪೇಪರು, ಬಾಟಲಿ, ಪುಸ್ತಕಕ್ಕೆ ಬೇಡ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾ ಬೀದಿ ಬೀದಿ ಸುತ್ತುವ ಅಕ್ಕಂದಿರನ್ನು ಇದರ ಹತ್ತಿರಕ್ಕೂ ಎಳೆಯಬಾರದು. ಬರೆಯಲು ಬಾರದವರಿಗೆ ಚೀಟಿಯ ಫೋಟೋ ತೆಗೆದಿಟ್ಟರೂ ನಡೆಯಬೇಕು.

ಭಯ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಪುಸ್ತಕ ನೋಡ್ತೀನಿ ಅಂತ ಬಂದು ಮಾಮೂಲಿಗೆ ಕೈ ಚಾಚುವವರು ಹುಟ್ಟಿಕೊಳ್ಳಬಹುದು. ಹಾಗಾಗಿ ಎಫ್‌ಐಆರ್ ನಂಬರು ಹೇಳದೆ ಪುಸ್ತಕ ಕೇಳುವಂತಿಲ್ಲ, ನೋಡಿದವರು ಅದರಲ್ಲೇ ಸಹಿ ಮಾಡಬೇಕು ಅಂತ ನಿಯಮದಲ್ಲೇ ಬರೆಯಬೇಕು. ಇದಿಲ್ಲದಿದ್ದರೆ ನನಗೆ ಆ ಪುಸ್ತಕವೇ ಬೇಡ.

ಇನ್ನೊಂದು ಮಾತು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಹಳೇ ಸೈಕಲ್ಲು, ಸೋಫಾ ಮಾರಿದರೆ ಯಾರೂ ಬಿಲ್ಲು ಕೇಳುವುದಿಲ್ಲ. ಕೇಳಲೂ ಬೇಡಿ, ಮನೆಯವರು ಅಪರೂಪಕ್ಕೆ ಮಾರುವುದಕ್ಕೆ ಲೈಸೆನ್ಸ್ ಯಾಕೆ? ಫ್ರಾನ್ಸಿನಲ್ಲಿ ಸಾಮಾನ್ಯ ಜನ ಇಂಥ ಹಳೇ ಸಾಮಾನಿನ ಸಂತೆಯಲ್ಲಿ ವರ್ಷಕ್ಕೆ 2 ಸಲ ಮಾರಬಹುದು, ಅದೂ ತಮ್ಮದೇ ಬಳಸಿದ ಸಾಮಾನು. ಅದನ್ನೇ ಕಸುಬು ಮಾಡಿಕೊಂಡವರು ಕೊಂಡ ಸಾಮಾನಿಗೂ ಮಾರಿದವರ ಗುರುತಿಗೂ ರಿಜಿಸ್ಟರ್ ಇಡಬೇಕು. ಈ ಗೆರೆ ನಮಗೂ ಹೊಂದುತ್ತದೆ. ಆದರೆ ಕ್ಲಬ್‌ಹೌಸಿಗೆ ಸಿಗುವ ಆ ನಂಬಿಕೆಯಲ್ಲಿ ಸ್ವಲ್ಪವಾದರೂ ಟಾರ್ಪಾಲಿನ ಮೇಲೆ ಕೂತವರಿಗೂ ಸಿಗಬೇಕು ಅಲ್ವಾ?

ಬೆಂಗಳೂರಿಗೆ ಈಗ 5 ಪಾಲಿಕೆಗಳಿವೆ. ಒಂದು ಪಾಲಿಕೆ ಒಂದು ಸಂತೆಯಲ್ಲಿ ಇದನ್ನು ಶುರು ಮಾಡಿ ನೋಡಲಿ. ಗುಜರಿ ಅಥವಾ ಹಳೇ ಸಾಮಾನಿನ ವ್ಯಾಪಾರದಲ್ಲಿ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ನಾನು ಹೇಳಿದ್ದರಲ್ಲಿ ಅಂಗಡಿಯಲ್ಲಿ ನಡೆಯದ ಮಾತು ಯಾವುದು?