ಕೆಂಪು ಶೂ ಹಾಕಿಕೊಳ್ಳಲು ಯಾರನ್ನು ಕೇಳಬೇಕು?

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಬರೆದು ಮುಗಿಸದೆ ಸಮಾಧಾನ ಆಗಲ್ಲ. ಉದ್ದ ಆಗುತ್ತೆ, ತಾಳ್ಮೆ ಇರುವವರು ಓದಿ.

ನಮ್ಮ ಕುಟುಂಬದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಶುಭೋದಯ, ಹುಟ್ಟುಹಬ್ಬದ ಶುಭಾಶಯ, ಯಾರೋ ಎಲ್ಲಿಂದಲೋ ತಂದು ಹಾಕಿದ ಆರೋಗ್ಯ ಸಲಹೆ. ಇವತ್ತು ಅದರಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ನಮ್ಮ ಸಂಬಂಧದ ಹುಡುಗಿಯೊಬ್ಬಳ ಸ್ಟೇಟಸ್. ಅವಳ ಅಪ್ಪ ತೀರಿಕೊಂಡ ಮೇಲೆ ಓದಿಗೆ, ಮನೆ ಖರ್ಚಿಗೆ ಅಂತ ನಾಲ್ಕೈದು ಮನೆಯವರು ಸೇರಿ ತಿಂಗಳು ತಿಂಗಳು ಒಂದಿಷ್ಟು ಹಾಕುತ್ತಾ ಬಂದಿದ್ದಾರೆ. ಫೋಟೋದಲ್ಲಿ ಅವಳ ಮುಖ ಕೂಡ ಇಲ್ಲ. ಎರಡು ಕಾಲು, ಕೆಂಪು ಶೂ, ಬಿಳಿ ಲೇಸು. ಒಂದು ಕಾಲಿನದು ಕಟ್ಟಿದ್ದಾಳೆ, ಇನ್ನೊಂದರದು ಇನ್ನೂ ನೆಲದ ಮೇಲೆ ಎಳೆದಾಡುತ್ತಿದೆ. ಕಟ್ಟಿ ಮುಗಿಸುವಷ್ಟೂ ತಡೆಯಲಾರದೆ ಫೋಟೋ ತೆಗೆದಿದ್ದಾಳೆ, ಅಷ್ಟು ಖುಷಿ. ಅದರ ಕೆಳಗೆ ನಮ್ಮ ಹಿರಿಯರೊಬ್ಬರು ಬರೆದಿದ್ದು: "ಇದಕ್ಕಾ ನಾವು ದುಡ್ಡು ಕೊಡೋದು?"

ಹುಡುಗಿಯೂ ಆ ಗ್ರೂಪ್‌ನಲ್ಲೇ ಇದ್ದಾಳೆ. ಹಾಕಿದವರಿಗೂ ಅದು ಗೊತ್ತು. ಸ್ವಲ್ಪ ಹೊತ್ತಿಗೆ ಸ್ಟೇಟಸ್ ಮಾಯ.

ಆಮೇಲೆ ಒಬ್ಬೊಬ್ಬರೇ ಬಂದರು. ಈಗಿನ ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಅಂತ ಒಬ್ಬರು. ನಮ್ಮ ಕಾಲದಲ್ಲಿ ಬರಿಗಾಲಲ್ಲಿ ನಡೆದು ಓದಿದೆವು ಅಂತ ಇನ್ನೊಬ್ಬರು (ಇವರನ್ನು ಕಾರಿನಿಂದ ಇಳಿದು ನಡೆದಿದ್ದು ನಾನಂತೂ ನೋಡಿಲ್ಲ). ಕೊನೆಗೆ ಒಬ್ಬ ಪುಣ್ಯಾತ್ಮರು ಅವಳ ಪರವಾಗಿ ಮಾತಾಡಿದರು. "ಪಾಪ, ಬಸ್ ಚಾರ್ಜ್ ಉಳಿಸೋಕೆ ನಡೆದುಕೊಂಡೇ ಹೋಗ್ತಾಳೆ, ಗಟ್ಟಿ ಶೂ ಬೇಕಾಗುತ್ತೆ ಬಿಡಿ." ನಿಜ ಹೇಳಬೇಕು ಅಂದರೆ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಈ ಮಾತಿಗೆ. ಅಂದರೆ ಅವಳು ನಡೆದು ಹೋಗದೆ ಇದ್ದಿದ್ದರೆ? ಕೆಂಪು ಬಣ್ಣ ಚೆನ್ನಾಗಿದೆ ಅಂತ ಸುಮ್ನೆ ತಗೊಂಡಿದ್ದರೆ? ಆಗ ಬೈದಿದ್ದು ಸರಿ ಅಂತಲಾ?

ನನ್ನ ಕಥೆ ನಿಮಗೆಲ್ಲ ಗೊತ್ತಿದೆ. ಕಾಯಿಲೆ ಬಿದ್ದು ಕೆಲಸ ಬಿಟ್ಟಾಗಿನಿಂದ ಅಕ್ಕ ಕಳಿಸುವ ದುಡ್ಡಿನಲ್ಲೇ ನನ್ನ ಸಂಸಾರ ನಡೆಯುತ್ತಿರುವುದು. ಆಗೀಗ ಸಿಗುವ ತಿದ್ದುವ, ಟೈಪ್ ಮಾಡುವ ಕೆಲಸದಿಂದ ನನ್ನ ಔಷಧಿ ಖರ್ಚು ಹೋಗುತ್ತೆ, ಅಷ್ಟೇ. ಇದನ್ನು ನಾನು ಎಲ್ಲೂ ಮುಚ್ಚಿಟ್ಟಿಲ್ಲ. ಆದರೆ ಇದುವರೆಗೂ ಬರೆಯದ ಒಂದು ವಿಷಯ ಇದೆ. ಮೊದಮೊದಲು ಭಾವ ಮನೆಗೆ ಬರುತ್ತಾರೆ ಅಂದರೆ ನಾನು ಹಳೇ ಅಂಗಿ ಹುಡುಕಿ ಹಾಕಿಕೊಳ್ಳುತ್ತಿದ್ದೆ. ಕಾಲರ್ ಸವೆದು ನೂಲು ಎದ್ದ ಒಂದು ನೀಲಿ ಅಂಗಿ, ಅದೇ ಕೆಲಸಕ್ಕೆ ಅಂತ ಇಟ್ಟಿದ್ದೆ. ಹೊಸ ಬೆಡ್‌ಶೀಟ್ ಮಡಚಿ ಬೀರುವಿನೊಳಗೆ ಹೋಗುತ್ತಿತ್ತು. ಪಾಪ, ಭಾವ ಯಾವತ್ತೂ ಒಂದು ಮಾತು ಕೇಳಿದವರಲ್ಲ. ಆದರೂ ಹಾಗೆ ಮಾಡುತ್ತಿದ್ದೆ. ಯಾಕಂದರೆ ಸಹಾಯ ತಗೊಂಡು ಬದುಕುವವರು ಹೇಗೆ ಕಾಣಬೇಕು ಅಂತ ಚಿಕ್ಕಂದಿನಿಂದ ನೋಡಿ ಕಲಿತಿರುತ್ತೇವಲ್ಲ. ಸ್ವಲ್ಪ ಬಾಡಿದ ಹಾಗೆ ಕಾಣಬೇಕು. ನಕ್ಕರೂ ಅರ್ಧ ನಗಬೇಕು.

ಇದೇ ನನ್ನ ತಕರಾರು. ಕಡಿಮೆಯಲ್ಲಿ ಬದುಕೋದು ಕಷ್ಟ ಅಲ್ಲ ಅಂತಲ್ಲ, ಕಷ್ಟವೇ. ಆದರೆ ಅದು ಅಭ್ಯಾಸ ಆಗುತ್ತೆ. ಕಡಿಮೆಯಲ್ಲಿ ಬದುಕುತ್ತಿದ್ದೇನೆ ಅಂತ ದಿನಾ ಬೇರೆಯವರಿಗೆ ತೋರಿಸಬೇಕಲ್ಲ, ಅದು ಮಾತ್ರ ಅಭ್ಯಾಸ ಆಗಲ್ಲ.

ಇನ್ನು ಮಿತವ್ಯಯದ ಪಾಠ. ಕೈತುಂಬ ಸಂಬಳ ಇರುವವರಿಗೆ ಈ ಪಾಠ ಮಾಡುವುದು ಅಂದರೆ ಎಷ್ಟು ಇಷ್ಟ! ಒಂದು ವರ್ಷಕ್ಕಾಗುವಷ್ಟು ಸಾಮಾನು ಒಟ್ಟಿಗೆ ತಗೊಳ್ಳಿ, ಅಗ್ಗಕ್ಕೆ ಸಿಗುತ್ತೆ ಅಂತಾರೆ. ಸಿಗುತ್ತೆ ಸ್ವಾಮಿ, ಒಟ್ಟಿಗೆ ಕೊಡೋಕೆ ದುಡ್ಡು ಎಲ್ಲಿದೆ? ಕೈಯಲ್ಲಿ ಸ್ವಲ್ಪವೇ ಇದ್ದಾಗ ಚಿಕ್ಕ ಪ್ಯಾಕೆಟ್ಟೇ ಗತಿ, ತೂಕಕ್ಕೆ ಲೆಕ್ಕ ಹಾಕಿದರೆ ಎಷ್ಟೋ ಸಲ ಅದೇ ದುಬಾರಿ. ದೊಡ್ಡ ಅಡ್ವಾನ್ಸ್ ಕೊಡೋಕೆ ಆಗದವರು ಜಾಸ್ತಿ ಬಾಡಿಗೆಯ ಮನೆಗೆ ಹೋಗುತ್ತಾರೆ. ಬಿಲ್ಲು ಎರಡು ದಿನ ತಡವಾದರೆ ದಂಡ. ಹಲ್ಲು ಜುಮ್ಮೆಂದ ದಿನವೇ ಹೋದರೆ ಹುಳುಕು ತೆಗೆದು ತುಂಬಿಸಿ ಕಳಿಸುತ್ತಾರೆ. ಮುಂದಿನ ತಿಂಗಳು ನೋಡೋಣ ಅಂತ ದೂಡಿದರೆ ರೂಟ್ ಕೆನಾಲ್, ಇನ್ನೂ ದೂಡಿದರೆ ಹಲ್ಲೇ ಹೋಯಿತು. ಚಪ್ಪಲಿಯೂ ಅಷ್ಟೇ. ಅಗ್ಗದ್ದು ತಂದರೆ ಮಳೆಗೆ ಅಂಟು ಬಿಡುತ್ತೆ, ಹೊಲಿಸಿ, ಮತ್ತೆ ಹೊಲಿಸಿ, ಕೊನೆಗೆ ಇನ್ನೊಂದು ಜೊತೆ. ಉಳಿಸೋಕೂ ಮೊದಲು ದುಡ್ಡು ಬೇಕು ಅನ್ನೋದು ಪಾಠ ಮಾಡುವವರಿಗೆ ತಿಳಿಯಲ್ಲ, ಅವರ ಹತ್ತಿರ ಅದು ಯಾವಾಗಲೂ ಇದ್ದೇ ಇರುತ್ತಲ್ಲ.

ಅದರ ಮೇಲೆ ತಲೆಯೊಳಗಿನ ಲೆಕ್ಕ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು, ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ಮಾಡಿದ್ದು. ಕಟಾವಿಗೆ ಮೊದಲು ಕೈ ಬರಿದಾಗಿರುವಾಗ ಒಂದು ಸಲ, ಕಟಾವಾಗಿ ಕೈಗೆ ದುಡ್ಡು ಬಂದ ಮೇಲೆ ಇನ್ನೊಂದು ಸಲ, ಬುದ್ಧಿ ಓಡಿಸುವ ಪರೀಕ್ಷೆಗಳನ್ನು ಕೊಟ್ಟರು. ಅದೇ ರೈತರು, ಕಟಾವಿಗೆ ಮೊದಲು ಕಡಿಮೆ ಅಂಕ ತಗೊಂಡರು. ಬುದ್ಧಿ ಎಲ್ಲೂ ಹೋಗಿರಲಿಲ್ಲ, ಆ ಹೊತ್ತಿಗೆ ಬೇರೆ ಕೆಲಸದಲ್ಲಿತ್ತು. ನನಗೆ ಅದನ್ನು ಓದಿ ಎಷ್ಟು ಸಮಾಧಾನ ಆಯಿತು ಅಂದರೆ, ನಾನು ದಡ್ಡನಾಗುತ್ತಿದ್ದೇನೆ ಅಂತ ಅಂದುಕೊಂಡಿದ್ದ ಕಾಲ ಅದು. ಈಗ ಆ ಹುಡುಗಿಯ ತಲೆ ನೋಡಿ. ಪರೀಕ್ಷೆ, ಅಮ್ಮನ ಬಿಪಿ ಮಾತ್ರೆ, ಬಾಡಿಗೆ. ಇವತ್ತಿನಿಂದ ಇನ್ನೊಂದು ಲೆಕ್ಕ ಸೇರಿತು, ಯಾವ ಫೋಟೋ ಯಾರಿಗೆ ಕಾಣಬಾರದು ಅಂತ.

ಸರಿ, ಎದುರು ವಾದ ನನಗೆ ಗೊತ್ತಿಲ್ಲ ಅಂತಲ್ಲ. ಕೊಟ್ಟವರಿಗೆ ದುಡ್ಡು ಎಲ್ಲಿ ಹೋಯಿತು ಅಂತ ಕೇಳುವ ಹಕ್ಕಿಲ್ಲವಾ? ಅವರದ್ದೂ ಬೆವರಿನ ದುಡ್ಡಲ್ಲವಾ? ಹೌದು, ಬೆವರಿನದೇ. ಫೀಸ್ ಕಟ್ಟಿಲ್ಲ, ಕಾಲೇಜಿಗೇ ಹೋಗುತ್ತಿಲ್ಲ ಅಂದರೆ ಕೂತು ಕೇಳಿ, ಕೇಳಲೇಬೇಕು. ಅವಳಿಗೇ ಫೋನ್ ಮಾಡಿ ಕೇಳಿ. ಆದರೆ ಫೀಸ್ ಕಟ್ಟಿದ್ದಾಳೆ, ಪಾಸಾಗುತ್ತಿದ್ದಾಳೆ, ಆಮೇಲೆ ಉಳಿದಿದ್ದರಲ್ಲಿ ಒಂದು ಜೊತೆ ಶೂ ತಗೊಂಡಿದ್ದಾಳೆ. ಉಳಿಸಿದ್ದು ಅವಳು. ಎಷ್ಟು ದಿನ ಏನೇನು ಬಿಟ್ಟು ಉಳಿಸಿದಳೋ, ಅದರ ಸ್ಕ್ರೀನ್‌ಶಾಟ್ ಯಾರೂ ತೆಗೆಯಲಿಲ್ಲ.

ಕೈಗೆ ದುಡ್ಡು ಕೊಟ್ಟರೆ ಜನ ಹಾಳಾಗುತ್ತಾರೆ ಅನ್ನುವ ಮಾತೂ ಗ್ರೂಪ್‌ನಲ್ಲಿ ಬಂತು, ಬರದೇ ಇರುತ್ತಾ. ಬಡವರ ಕೈಗೆ ನಗದು ಕೊಟ್ಟರೆ ಕುಡಿತಕ್ಕೆ, ಬೀಡಿ ಸಿಗರೇಟಿಗೆ ಹೋಗುತ್ತೆ ಅಂತ ಪ್ರಪಂಚದ ಎಲ್ಲ ಕಡೆಯೂ ಹೇಳುತ್ತಾರೆ. ಇದು ನಿಜವಾ ಅಂತ ಡೇವಿಡ್ ಇವಾನ್ಸ್, ಅನ್ನಾ ಪೊಪೊವಾ ಅನ್ನುವ ಇಬ್ಬರು ಸಂಶೋಧಕರು ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಅಂಥ ಖರ್ಚು ಜಾಸ್ತಿ ಆಗಿರಲಿಲ್ಲ. ಇದನ್ನು ನಾನು ಗ್ರೂಪ್‌ನಲ್ಲಿ ಹಾಕಿದೆ. ಉತ್ತರವಾಗಿ ಒಬ್ಬರು ಕೈಮುಗಿಯುವ ಚಿಹ್ನೆ ಕಳಿಸಿದರು. ಅದರ ಅರ್ಥ ಏನು ಅಂತ ನಿಮಗೂ ಗೊತ್ತು.

ದೊಡ್ಡವರ ಕಥೆ ಬಂದಾಗ ಮಾತ್ರ ನಮ್ಮ ಜನರ ಕಣ್ಣಲ್ಲಿ ನೀರು. ವಿನ್ಸೆಂಟ್ ವ್ಯಾನ್ ಗೋ ಹತ್ತು ವರ್ಷ ಬದುಕಿದ್ದು ತಮ್ಮ ಥಿಯೋ ಕಳಿಸಿದ ದುಡ್ಡಿನಲ್ಲಿ. ತಮ್ಮನಿಗೆ ಬರೆದ ಕಾಗದಗಳು 600ಕ್ಕೂ ಜಾಸ್ತಿ ಉಳಿದಿವೆ. ಅವುಗಳಲ್ಲಿ ಕಲೆ ಎಷ್ಟಿದೆಯೋ, ದುಡ್ಡಿನ ಮಾತೂ ಹಾಗೇ ಮತ್ತೆ ಮತ್ತೆ ಬರುತ್ತೆ. ಬಣ್ಣಕ್ಕೆ ಇಷ್ಟು, ಮಾಡೆಲ್‌ಗೆ ಇಷ್ಟು, ಬಾಡಿಗೆಗೆ ಇಷ್ಟು, ಇನ್ನು ಸ್ವಲ್ಪ ಬೇಗ ಕಳಿಸು. 1884ರಲ್ಲಿ ಅವನೇ ತಮ್ಮನಿಗೆ ಹೇಳಿದ, ಇನ್ನು ಮೇಲೆ ನಾನು ಬರೆದ ಚಿತ್ರಗಳನ್ನೆಲ್ಲ ನಿನಗೆ ಕಳಿಸುತ್ತೇನೆ, ನೀನು ಕಳಿಸುವುದನ್ನು ನಾನು ದುಡಿದ ದುಡ್ಡು ಅಂದುಕೊಳ್ಳುತ್ತೇನೆ ಅಂತ. ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಬರೀ ತಗೊಳ್ಳುವವನಾಗಿ ಇರೋಕೆ ಯಾರಿಗೂ ಆಗಲ್ಲ. ನಮ್ಮ ರಾಮಾನುಜನ್ನರದ್ದೂ ಇದೇ ಕಥೆ. ಕಲೆಕ್ಟರ್ ರಾಮಚಂದ್ರ ರಾವ್ ಏನು ಬೇಕು ಅಂತ ಕೇಳಿದರೆ, ಗಣಿತ ಮುಂದುವರಿಸೋಕೆ ಹೊಟ್ಟೆಪಾಡಿಗೆ ಒಂದಿಷ್ಟು ಸಿಕ್ಕರೆ ಸಾಕು ಅಂದರಂತೆ. ಅವರು ತಿಂಗಳು ತಿಂಗಳು ಕೊಟ್ಟರು. ಆದರೂ ಇನ್ನೊಬ್ಬರಿಗೆ ಭಾರವಾಗಿ ಇರಲು ಮನಸ್ಸಾಗದೆ ರಾಮಾನುಜನ್ 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರಾಗಿ ಸೇರಿಕೊಂಡರು. ಮಾರ್ಕ್ಸ್‌ಗಂತೂ ಗೆಳೆಯ ಎಂಗೆಲ್ಸ್ ತನ್ನ ಅಪ್ಪನ ಪಾಲಿದ್ದ ಹತ್ತಿ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು ಕಳಿಸುತ್ತಿದ್ದ, ಅಲ್ಲಿಂದ ಹೊರಬಂದ ಮೇಲೂ ಬಿಡಲಿಲ್ಲ.

ಅವರೆಲ್ಲ ಮಹಾನುಭಾವರು, ನಿಮ್ಮ ಹುಡುಗಿ ಯಾರು ಅಂತೀರಾ? ಥಿಯೋ ಕಳಿಸುತ್ತಿದ್ದಾಗ ಅವನ ಅಣ್ಣನ ಚಿತ್ರ ಕೊಳ್ಳುವವರು ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಆ ಕಾಲದಲ್ಲಿ ಅವರಿಗೊಂದು ಫ್ಯಾಮಿಲಿ ಗ್ರೂಪ್ ಇದ್ದಿದ್ದರೆ, ಹಳದಿ ಬಣ್ಣದ ಟ್ಯೂಬಿನ ಸ್ಕ್ರೀನ್‌ಶಾಟ್ ಅಲ್ಲೂ ಬರುತ್ತಿತ್ತು. ಅದು ಬಿಡಿ, ನೆಮ್ಮದಿಯಾಗಿ ಶೂ ಹಾಕಿಕೊಳ್ಳೋಕೆ ಯಾಕೆ ಯಾರಾದರೂ ಮಹಾನುಭಾವರಾಗಬೇಕು?

ಇನ್ನೊಂದು ವಿಷಯ ಹೇಳಲೇಬೇಕು, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಸಹಾಯ ತಗೊಳ್ಳುವವರು ಬಿಟ್ಟಿ ತಗೊಳ್ಳುತ್ತಾರೆ ಅಂದುಕೊಂಡಿದ್ದೀರಲ್ಲ, "ನೀನು ಹೇಗೂ ಮನೇಲೇ ಇರ್ತೀಯಲ್ಲ" ಅನ್ನುವ ಮಾತಿನ ತೂಕ ಎಷ್ಟು ಅಂತ ನನ್ನನ್ನು ಕೇಳಿ. ಬ್ಯಾಂಕಿನ ಕ್ಯೂ, ಪಾರ್ಸೆಲ್ ಬಂದರೆ ಇಸಕೊಳ್ಳೋದು, ಯಾರದ್ದೋ ಮಗುವನ್ನು ಶಾಲೆಯಿಂದ ಕರೆತರೋದು, ಪ್ಲಂಬರ್ ಬರುತ್ತಾನೆ ಅಂತ ಖಾಲಿ ಮನೆಯಲ್ಲಿ ಕಾಯೋದು. ವಯಸ್ಸಾದವರು ಯಾರಾದರೂ ಆಸ್ಪತ್ರೆ ಸೇರಿದರೆ ರಾತ್ರಿ ಬೆಂಚಿನ ಮೇಲೆ ಯಾರು ಮಲಗಬೇಕು ಅಂತ ಚರ್ಚೆ ಕೂಡ ಆಗಲ್ಲ. ಆ ಹುಡುಗಿಯೂ ರಜೆ ಬಂತೆಂದರೆ ಒಂದೊಂದು ಮನೆಯಲ್ಲಿ ಒಂದೊಂದು ವಾರ. ಅಲ್ಲಿನ ಮಕ್ಕಳಿಗೆ ಪಾಠ, ಮನೆಯವರಿಗೆ ಕೈಕೆಲಸ. ಖುಷಿಯಿಂದಲೇ ಮಾಡುತ್ತಾಳೆ, ನಾನೂ ಮಾಡುತ್ತೇನೆ. ಇಲ್ಲ ಅನ್ನುವ ಆಯ್ಕೆ ಇದೆಯಾ ಅಂತ ಕೇಳಬೇಡಿ ಅಷ್ಟೇ. ಕೂಲಿ ಲೆಕ್ಕ ಹಾಕಿದರೆ ಶೂ ಏನು, ಶೂ ಅಂಗಡಿಯನ್ನೇ ಅವಳಿಗೆ ಕೊಡಬೇಕಾಗುತ್ತೆ.

ಆಮೇಲೆ ಹಳೇ ಸಾಮಾನಿನ ದಾನ. ಅಯ್ಯೋ! "ಚೆನ್ನಾಗಿದೆ, ಸ್ವಲ್ಪ ರಿಪೇರಿ ಮಾಡಿಸಿಕೊಂಡರೆ ಆಯಿತು." ಮೋಟರ್ ಸುಟ್ಟ ಮಿಕ್ಸಿ, ಒಂದೇ ಕಡೆ ಕೇಳುವ ಇಯರ್‌ಫೋನ್, ಚಕ್ರ ಮುರಿದ ಸೂಟ್‌ಕೇಸ್. ರಿಪೇರಿಯವನು ಕೇಳುವ ದುಡ್ಡಿಗೆ ಹೊಸದೇ ಬರುತ್ತೆ. ಎಸೆಯೋಣ ಅಂದರೆ ಕೊಟ್ಟವರು ಮುಂದಿನ ಸಲ ಬಂದಾಗ ಮೊದಲು ಹುಡುಕುವುದು ಅದನ್ನೇ. ನನ್ನ ಅಟ್ಟದ ಮೇಲೆ ಹೀಗೆ ಬಂದ ಪ್ರೀತಿ ತುಂಬಿಕೊಂಡಿದೆ.

ಅಕ್ಕ ಇದೆಲ್ಲ ಮಾಡಲ್ಲ. ಅವಳು ಮಾಡೋದು ಒಂದೇ. ತಿಂಗಳ ಒಂದನೇ ತಾರೀಕು ದುಡ್ಡು ಹಾಕುತ್ತಾಳೆ. ಐದಕ್ಕಲ್ಲ, ಹತ್ತಕ್ಕಲ್ಲ, ನಾನು ನೆನಪಿಸಬೇಕಾಗಿಯೂ ಇಲ್ಲ. ಫೋನಿಗೆ ಮೆಸೇಜ್ ಬರುತ್ತೆ, ಅವಳು ಮಾತ್ರ ಆ ದಿನ ಬೇಕೆಂದೇ ಫೋನ್ ಮಾಡಲ್ಲ. ಎರಡು ದಿನ ಬಿಟ್ಟು ಬೇರೆ ಯಾವುದೋ ವಿಷಯಕ್ಕೆ ಮಾಡುತ್ತಾಳೆ. ಮೊತ್ತ ದೊಡ್ಡದೇನಲ್ಲ, ಅವಳಿಗೂ ಅವಳ ಕಷ್ಟಗಳಿವೆ. ಆದರೆ ತಾರೀಕು ಗೊತ್ತಿದೆಯಲ್ಲ, ಅದರಿಂದ ನಾನು ತಿಂಗಳನ್ನು ಮೊದಲೇ ಹಂಚಿಕೊಳ್ಳಬಹುದು. ಬಾಡಿಗೆ, ಔಷಧಿ, ಕರೆಂಟು, ಉಳಿದಿದ್ದು ಇಷ್ಟು, ಅದರಲ್ಲಿ ಹೇಗೆ ದಿನ ದೂಡಬೇಕು ಅಂತ ನಾನೇ ನೋಡಿಕೊಳ್ಳುತ್ತೇನೆ. ಹುಡುಗಿಗೆ ಹಾಕುವ ನಾಲ್ಕೈದು ಮನೆಯವರು ಒಬ್ಬೊಬ್ಬರು ಒಂದೊಂದು ದಿನ ಹಾಕುತ್ತಾರೆ, ಒಬ್ಬರಿಗೆ ಮರೆತೇ ಹೋಗುತ್ತೆ. ಅವಳ ಅಮ್ಮ ಮುಜುಗರ ಪಟ್ಟುಕೊಂಡು ಫೋನ್ ಮಾಡಿ, ಆರೋಗ್ಯ ವಿಚಾರಿಸಿ, ಮಳೆ ವಿಚಾರಿಸಿ, ಕೊನೆಗೆ ಏನನ್ನೂ ಕೇಳದೆ ಫೋನ್ ಇಟ್ಟುಬಿಡುತ್ತಾರೆ. ಫೋನ್ ಬಂದಿದ್ದು ಯಾಕೆ ಅಂತ ಈ ಕಡೆಯವರಿಗೆ ಗೊತ್ತಾಗಲ್ಲ ಅಂತೀರಾ?

ಈ ಪೋಸ್ಟ್ ಕೂಡ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಅಲ್ಲಿ ಹಾಕುತ್ತೀರಿ, ಗೊತ್ತು. ಹಾಕಿ. ಜೊತೆಗೆ ಎಲ್ಲರೂ ಸೇರಿ ಒಂದು ತಾರೀಕು ಗೊತ್ತು ಮಾಡಿಕೊಳ್ಳಿ, ಅವತ್ತು ತಪ್ಪದೆ ಹಾಕಿ, ಆಮೇಲೆ ಅವಳ ಸ್ಟೇಟಸ್ ನೋಡೋದು ಬಿಟ್ಟುಬಿಡಿ. ನನಗೂ ಏನಾದರೂ ಕೊಡಬೇಕು ಅಂತ ಯಾರಿಗಾದರೂ ಅನ್ನಿಸಿದರೆ ಬೇಡ ಅನ್ನಲ್ಲ. ಮಿಕ್ಸಿ ಮಾತ್ರ ಬೇಡ, ಅಟ್ಟದ ಮೇಲೆ ಆಗಲೇ ಎರಡಿವೆ.