ಕುಡಿದು ಜೀವ ತೆಗೆದವನ ಪರ ವಕಾಲತ್ತು

ಉತ್ತರ ಕನ್ನಡ ಜಿಲ್ಲೆಯ ಮಾಜಾಳಿಯಿಂದ ಭಟ್ಕಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಡಿದ ಚಾಲಕನಿಂದ ಯಾರಾದರೂ ಸತ್ತಾಗಲೆಲ್ಲ, ‘ಇವನ ಪರ ಜಿಲ್ಲೆಯ ಯಾವ ವಕೀಲರೂ ವಕಾಲತ್ತು ಹಾಕಬಾರದು’ ಎಂಬ ಒತ್ತಾಯ ಕೇಳಿಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಒತ್ತಾಯವನ್ನು ಮಾತ್ರ ನಾನು ಒಪ್ಪಲಾರೆ. ನಾನೂ ಕರಿಕೋಟು ತೊಡುವವನಾದ್ದರಿಂದ ಇದನ್ನು ವೃತ್ತಿಯ ಪಕ್ಷಪಾತವೆಂದು ಯಾರಾದರೂ ಕರೆದರೆ ತಕರಾರಿಲ್ಲ. ಬಂಧಿತನಿಗೆ ತಾನು ಆರಿಸಿಕೊಂಡ ವಕೀಲರ ನೆರವು ಪಡೆಯುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ವಕೀಲರ ಸಂಘಗಳ ಇಂಥ ಬಹಿಷ್ಕಾರದ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ವಕೀಲ ನಿಂತರೆ ಆರೋಪಿ ಪಾರಾದಂತೆಯೇ ಎಂಬ ನಂಬಿಕೆ ಈ ಒತ್ತಾಯದ ಹಿಂದಿದೆ. ಆದರೆ ‘ಅಮಲಿನಲ್ಲಿದ್ದೆ, ಏನಾಯಿತೆಂದು ತಿಳಿಯಲಿಲ್ಲ’ ಎಂಬ ವಾದ ಕೋರ್ಟಿನಲ್ಲಿ ನಡೆಯುವುದಿಲ್ಲ. ತಾನಾಗಿ ಕುಡಿದವನಿಗೆ ಎಚ್ಚರವಿದ್ದವನಷ್ಟೇ ತಿಳಿವಳಿಕೆ ಇತ್ತೆಂದು ಕಾನೂನು ಭಾವಿಸುತ್ತದೆ. ಆದ್ದರಿಂದ ಮೊದಲ ಹಣಾಹಣಿ ಕಾನೂನಿನ ಯಾವ ಕಲಮು ಅನ್ವಯಿಸುತ್ತದೆ ಎಂಬುದರ ಮೇಲೆ ನಡೆಯುತ್ತದೆ. ಹಳೆಯ ದಂಡಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ನಿರ್ಲಕ್ಷ್ಯದಿಂದಾದ ಸಾವಿಗೆ ಗರಿಷ್ಠ 5 ವರ್ಷ ಜೈಲು, ಮೇಲಾಗಿ ಜಾಮೀನು ಸುಲಭ. ಸಾವು ಸಂಭವಿಸಬಹುದೆಂಬ ಅರಿವಿದ್ದೂ ವಾಹನ ನಡೆಸಿದನೆಂದು ಸಾಬೀತಾದರೆ 105ರಡಿ 10 ವರ್ಷದವರೆಗೆ ಶಿಕ್ಷೆಯಾಗಬಹುದು. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಮಲಗಿದ್ದವರ ಮೇಲೆ ಕಾರು ಹರಿದು 7 ಮಂದಿ ಸತ್ತ ಪ್ರಕರಣದಲ್ಲಿ ಹಳೆಯ ದಂಡಸಂಹಿತೆಯ ಇಂಥದೇ ಕಲಮಿನಡಿಯ ಅಪರಾಧ ನಿರ್ಣಯವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಶಿಕ್ಷೆ ಮಾತ್ರ 3 ವರ್ಷ, ಅದು ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ.

ಬಹಳಷ್ಟು ಪ್ರಕರಣಗಳು ಸಡಿಲಾಗುವುದು ರಕ್ತದ ಸೀಸೆಯಲ್ಲಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿಗೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದ ಮದ್ಯಸಾರ ಪರೀಕ್ಷೆಯಲ್ಲಿ ಕಂಡಿರಬೇಕು; ಬಾಯಿ ವಾಸನೆ ಬರುತ್ತಿತ್ತು ಎಂಬ ವೈದ್ಯರ ಷರಾ ಸಾಲದು. ಈ ಕಾಯ್ದೆಯಡಿ ಹಿಡಿದವನ ವೈದ್ಯಕೀಯ ತಪಾಸಣೆ ಬಂಧನದ 2 ಗಂಟೆಯೊಳಗೆ ಆಗಬೇಕು, ಇಲ್ಲವಾದರೆ ಅವನನ್ನು ಬಿಡಬೇಕು. ಮದ್ಯಸಾರವೇ ಇರುವ ಸ್ಪಿರಿಟ್‌ನಿಂದ ಚರ್ಮ ಒರೆಸಿ ರಕ್ತ ತೆಗೆದರೇ, ರಕ್ತ ಕೆಡದಂತೆ ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕಿದ್ದರೇ, ಪ್ರಯೋಗಾಲಯಕ್ಕೆ ಹೋಗುವವರೆಗೆ ಅದು ಯಾರ ಸುಪರ್ದಿಯಲ್ಲಿತ್ತು, ಮಹಜರಿಗೆ ಸಾಕ್ಷಿಗಳಾದ ಪಂಚರು ನಿಜಕ್ಕೂ ಸ್ಥಳಕ್ಕೆ ಬಂದಿದ್ದರೇ ಎಂದು ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಕೇಳಿದಾಗ ಉತ್ತರವಿಲ್ಲದಿದ್ದರೆ, ಅದು ವಕೀಲರ ಚಾತುರ್ಯವಲ್ಲ, ತನಿಖೆಯ ಹುಳುಕು. ಪುಣೆಯಲ್ಲಿ 2024ರ ಮೇ ತಿಂಗಳ ಕಾರು ಅಪಘಾತದ ಬಳಿಕ ಚಾಲಕನ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ಸೀಸೆಯ ಜಾಡನ್ನು ಕೋರ್ಟಿನಲ್ಲಿ ಕೆದಕಬೇಕಾದ ಅಗತ್ಯ ಎರಡೂ ಪಕ್ಷಗಳಿಗಿದೆಯೆಂಬುದಕ್ಕೆ ಬೇರೆ ನಿದರ್ಶನ ಬೇಡ.

ವಕೀಲರಿಲ್ಲದೆ ಕೊಟ್ಟ ಶಿಕ್ಷೆ ಮೇಲ್ಮನವಿಯಲ್ಲಿ ಉಳಿಯುವುದು ಕಷ್ಟ. ಮರುವಿಚಾರಣೆಯಾದರೆ ಸತ್ತವರ ಮನೆಯವರೇ ಮತ್ತೆ ಸಾಕ್ಷಿಕಟ್ಟೆ ಹತ್ತಬೇಕು. ಬಹಿಷ್ಕಾರ ಬೇಕೆನ್ನುವವರು ತಮ್ಮ ಮನವಿಪತ್ರವನ್ನು ನಮ್ಮ ಸಂಘಕ್ಕೆ ತರುವ ಬದಲು ತಾಲ್ಲೂಕು ಆಸ್ಪತ್ರೆಗೂ ಠಾಣೆಗೂ ಒಯ್ದು, ನಡುರಾತ್ರಿಯಲ್ಲಿ ರಕ್ತ ತೆಗೆಯುವ ವೈದ್ಯರು, ಸರಿಯಾದ ಸೀಸೆ, ಅದನ್ನು ಮರುದಿನವೇ ಪ್ರಯೋಗಾಲಯಕ್ಕೆ ತಲುಪಿಸುವ ಸಿಬ್ಬಂದಿ ಅಲ್ಲಿ ಇದ್ದಾರೆಯೇ ಎಂದು ವಿಚಾರಿಸಲಿ.