ಬೀರುವಿನಲ್ಲಿ ವಿಜ್ಞಾನ ಕ್ಷೇಮ

ನಮ್ಮ ಪ್ರಾಥಮಿಕ ಶಾಲೆಗಳ ವಿಜ್ಞಾನ ಸಂಘಗಳ ಬಗ್ಗೆ ಯಾರೂ ಕೊಂಕು ನುಡಿಯಬಾರದು. ‘ಮಾಡಿ ಕಲಿ’ ಎಂಬ ತತ್ವ ಅಲ್ಲಿ ಚಾಚೂ ತಪ್ಪದೆ ಪಾಲನೆಯಾಗುತ್ತಿದೆ. ಮಾಡುವವರು ದೊಡ್ಡವರು, ಕಲಿಯಬೇಕಾದವರು ಮಕ್ಕಳು, ಅಷ್ಟೇ ವ್ಯತ್ಯಾಸ.

ವಿಜ್ಞಾನದ ಕಿಟ್ ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ ಕ್ಷೇಮವಾಗಿದೆ. ಪ್ರನಾಳಗಳು ಬಂದ ದಿನ ಸುತ್ತಿದ್ದ ಕಾಗದವನ್ನೇ ಇನ್ನೂ ಹೊದ್ದುಕೊಂಡಿವೆ. ಪೀನ ಮಸೂರ ಬಿಸಿಲು ಕಂಡಿಲ್ಲ. ಸೆಲ್ಲುಗಳು ಮಾತ್ರ ಕಾದು ಕಾದು ಸೋರಿ, ಪಕ್ಕದ ಹಿತ್ತಾಳೆ ಪಟ್ಟಿಗೆ ಹಸಿರು ಕಿಲುಬು ಹಿಡಿಸಿವೆ. ಇಡೀ ಕಿಟ್‌ನಲ್ಲಿ ಇದುವರೆಗೆ ನಡೆದ ಏಕೈಕ ರಾಸಾಯನಿಕ ಕ್ರಿಯೆ ಅದು.

ಮೇಷ್ಟರನ್ನು ಬೈದು ಪ್ರಯೋಜನವಿಲ್ಲ. ಒಂದು ಪ್ರನಾಳ ಒಡೆದರೆ ದಾಸ್ತಾನು ವಹಿ ತೆರೆದು ಸಮಜಾಯಿಷಿ ಬರೆಯಬೇಕು. ಹತ್ತು ವರ್ಷ ಒಂದೂ ಒಡೆಯದಿದ್ದರೆ, ತಪಾಸಣೆಗೆ ಬಂದವರು ‘ಚೆನ್ನಾಗಿ ಇಟ್ಟುಕೊಂಡಿದ್ದೀರಿ’ ಎಂದು ಮೆಚ್ಚಿ ರುಜು ಹಾಕಿ ಹೋಗುತ್ತಾರೆ.

ಬೀರುವಿನಾಚೆಯ ವಿಜ್ಞಾನ ಮೈದೋರುವುದು ಫೆಬ್ರವರಿ 28ರಂದು. 1928ರಲ್ಲಿ ಸಿ.ವಿ. ರಾಮನ್ ತಮ್ಮ ಶೋಧವನ್ನು ಪ್ರಕಟಿಸಿದ ದಿನವೆಂದು 1987ರಿಂದ ಅದನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಿದ್ದೇವೆ. ದಖ್ಖನ್ನಿನ ಜ್ವಾಲಾಮುಖಿಗಳು ತಣ್ಣಗಾಗಿ ಆರು ಕೋಟಿ ವರ್ಷ ಮೀರಿತು ಎನ್ನುವ ಭೂವಿಜ್ಞಾನಿಗಳು ಆ ದಿನ ನಮ್ಮ ಶಾಲೆಗಳ ಕಡೆ ತಲೆ ಹಾಕಿದಂತಿಲ್ಲ. ಬೆಂಚಿಗೊಂದು ಥರ್ಮಕೋಲಿನ ಬೆಟ್ಟ. ಹೊಟ್ಟೆಯಲ್ಲಿ ಅಡುಗೆ ಸೋಡಾ, ಚಿಟಿಕೆ ಕುಂಕುಮ. ಬೆಟ್ಟ ಕಟ್ಟಿದವರು ಅಪ್ಪ, ಬಣ್ಣ ಬಳಿದವಳು ಅಕ್ಕ, ವಿನಿಗರ್ ಸುರಿಯುವವರು ಉದ್ಘಾಟಕರು. ಮಗುವಿನ ಪಾಲಿಗೆ ಉಳಿದದ್ದು ಹಿಂದಿನ ರಾತ್ರಿ ಉರು ಹೊಡೆದ ನಾಲ್ಕು ಸಾಲು. ದಯವಿಟ್ಟು ನಡುವೆ ಪ್ರಶ್ನೆ ಕೇಳಬೇಡಿ. ಪಾಪ, ಮತ್ತೆ ‘ಎಲ್ಲರಿಗೂ ನಮಸ್ಕಾರ’ದಿಂದಲೇ ಶುರು ಮಾಡಬೇಕಾಗುತ್ತದೆ.

ಮಕ್ಕಳು ಕೈಯಾರೆ ಮಾಡಿ ನೋಡಿ ಕಲಿಯಲೆಂದೇ ಇರುವ ಪ್ರಯೋಗಾಲಯ, ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವುಂಟು. ಆದರೆ ಅದು 6ರಿಂದ 12ನೇ ತರಗತಿಯವರಿಗೆ. ಮೂರನೇ ತರಗತಿಯಲ್ಲೇ ಹಳೆಯ ರೇಡಿಯೊ ಬಿಚ್ಚುವ ಆಸೆ ಹುಟ್ಟಿದರೆ ಮೂರು ವರ್ಷ ತಡೆದುಕೊಳ್ಳುವುದು ಲೇಸು.

ನಗರದ ಖಾಸಗಿ ಶಾಲೆಗಳಲ್ಲಿ ಈ ತೊಡಕಿಲ್ಲ. ಶುಲ್ಕ ಕಟ್ಟಿದರೆ ಒಂದನೇ ತರಗತಿಗೇ ರೋಬೋಟಿಕ್ಸ್. ಗಾಡಿ ಡಬ್ಬಿಯಿಂದ ಹೊರಬಂದು, ಬಾಣದ ಗುರುತಿನ ಚಿತ್ರದಂತೆ ಜೋಡಣೆಯಾಗಿ, ಎರಡು ಮಾರು ಓಡಿ, ಅಮ್ಮಂದಿರ ಮೊಬೈಲಿಗೆ ವಿಡಿಯೊ ತಲುಪಿದ ಕೂಡಲೇ ಬಿಡಿಬಿಡಿಯಾಗಿ ಮತ್ತೆ ಡಬ್ಬಿ ಸೇರುತ್ತದೆ. ಮುಂದಿನ ಬ್ಯಾಚ್ ಬಾಗಿಲಲ್ಲಿ ನಿಂತಿದೆಯಲ್ಲ! ಚಕ್ರವನ್ನು ತಿರುಗುಮುರುಗಾಗಿ ಹಾಕಿದರೆ ಏನಾಗುತ್ತದೆಂದು ನೋಡಲು ಹೋದ ಹುಡುಗನ ಮೇಲೆ ಪೋಷಕರ ಸಭೆಯಲ್ಲಿ ದೂರು ಬಂದಿದೆ: ‘ಸೂಚನೆ ಪಾಲಿಸುವುದಿಲ್ಲ.’ ಅವನಿಗೆ ಸೃಜನಶೀಲತೆಯ ವಿಶೇಷ ತರಗತಿಯನ್ನು ಶಿಫಾರಸು ಮಾಡಲಾಗಿದೆ. ಶುಲ್ಕ ಪ್ರತ್ಯೇಕ.